ಮಾವಿನಂತೆ ಸೇಬನ್ನೂ ಹೆಸರು ಹಿಡಿದು ಕೇಳಿ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಫಾಲ್ (ಎಲೆ ಉದುರುವ) ಕಾಲದ ಅಡುಗೆ

ಊರಲ್ಲಿ ನಮಗೆ ಸೇಬು ಎಂದರೆ ಆಸ್ಪತ್ರೆಗೆ ಒಯ್ಯುವ ಹಣ್ಣು. ಯಾರಾದರೂ ಹುಷಾರಿಲ್ಲದೆ ಮಲಗಿದ್ದರೆ ಒಂದು ಬ್ರೆಡ್ಡು, ಅರ್ಧ ಕೆ.ಜಿ. ಸೇಬು. ಅದನ್ನು ಒಲೆಯ ಮೇಲೆ ಇಡಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನ್ಯೂಯಾರ್ಕ್ ರಾಜ್ಯದ ಪಕೀಪ್ಸಿಗೆ ನಾನು ಬಂದು 19 ವರ್ಷ ಆಯಿತು. ಹಡ್ಸನ್ ನದಿಯ ಎರಡೂ ದಡದಲ್ಲಿ ಸೇಬಿನ ತೋಟಗಳಿವೆ. ಅಲ್ಲಿಗೆ ಹೋಗಿ ನಾವೇ ಹಣ್ಣು ಕಿತ್ತು ತರುವುದಕ್ಕೆ ಆಪಲ್ ಪಿಕಿಂಗ್ ಎನ್ನುತ್ತಾರೆ. ಸೆಪ್ಟೆಂಬರ್ ಬಂತೆಂದರೆ ಹೊಸದಾಗಿ ಬಂದ ಕನ್ನಡದವರಿಂದ ಒಂದೇ ಪ್ರಶ್ನೆ: 'ಆಪಲ್ ಪಿಕಿಂಗ್‌ಗೆ ಹೋಗಿ ಒಂದು ಚೀಲ ತಂದುಬಿಟ್ವಿ ಅಕ್ಕ, ಈಗ ಏನ್ ಮಾಡೋದು?' ಈ ಬರಹ ಅವರಿಗಾಗಿ.

ಮೊದಲು ಒಂದು ಮಾತು ಮನಸ್ಸಿಗೆ ಹಾಕಿಕೊಳ್ಳಿ. ಊರಲ್ಲಿ ಮಾವಿನಹಣ್ಣು ಕೊಳ್ಳುವಾಗ 'ಮಾವು ಕೊಡಿ' ಎಂದು ಯಾರೂ ಕೇಳುವುದಿಲ್ಲ. ಸೀಕರಣೆಗೆ ರಸಪುರಿ, ಹೆಚ್ಚಿ ತಿನ್ನಲು ಬಾದಾಮಿ, ಉಪ್ಪು ಖಾರ ಹಚ್ಚಿಕೊಳ್ಳಲು ತೋತಾಪುರಿ, ಉಪ್ಪಿನಕಾಯಿಗೆ ಅಪ್ಪೆಮಿಡಿ. ಇಲ್ಲಿ ಸೇಬೂ ಹಾಗೆಯೇ. ಹೆಸರು ತಿಳಿದರೆ ಅರ್ಧ ಅಡುಗೆ ಆದಂತೆ.

ನಮ್ಮ 'ಸಿಮ್ಲಾ ಸೇಬು' ಇದೆಯಲ್ಲ, ಅದು ಬಹುಪಾಲು ಡಿಲಿಶಸ್ ಜಾತಿ. ಅಮೆರಿಕದಿಂದ ಬಂದು ಸಿಮ್ಲಾ ಬಳಿಯ ಕೋಟಗಢದಲ್ಲಿ ನೆಲೆಸಿದ್ದ ಸ್ಯಾಮ್ಯುಯಲ್ ಸ್ಟೋಕ್ಸ್ ಅವರು 1916ರ ಸುಮಾರಿಗೆ ಈ ಜಾತಿಯ ಗಿಡಗಳನ್ನು ತಂದು ನೆಟ್ಟರು. ಆಮೇಲೆ ಅವರು ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ಊರಲ್ಲಿ ನಾವು ಕಂಡದ್ದು ಅದೇ ಜಾತಿ, ಹಾಗಾಗಿ ಇಲ್ಲಿನ ಅಂಗಡಿಯಲ್ಲಿ ಕಡುಗೆಂಪು ರೆಡ್ ಡಿಲಿಶಸ್ ಕಂಡಾಗ ಕೈ ತಾನಾಗಿ ಅದರ ಕಡೆಗೇ ಹೋಗುತ್ತದೆ. ಅಡುಗೆಗೆ ಮಾತ್ರ ಅದು ಬೇಡ. ಬೆಂದರೆ ಹಿಟ್ಟು ಹಿಟ್ಟಾಗುತ್ತದೆ, ಹುಳಿಯೇ ಇರುವುದಿಲ್ಲ.

ಅಡುಗೆಗೆ ಬೇಕಾದುದು ಹುಳಿ. ಜೊತೆಗೆ ಹೋಳು ಉಳಿಯಬೇಕೋ ಕರಗಬೇಕೋ ಎಂದು ನೋಡಿಕೊಳ್ಳಬೇಕು. ಗ್ರ್ಯಾನಿ ಸ್ಮಿತ್ ಹಸಿರು, ಗಟ್ಟಿ, ಹುಳಿ. ನಮ್ಮ ಕಾಯಿಮಾವಿಗೆ ಹತ್ತಿರದ್ದು ಇದೇ, ವರ್ಷಪೂರ್ತಿ ಸಿಗುತ್ತದೆ. ಮ್ಯಾಕಿಂಟಾಶ್ ಸೆಪ್ಟೆಂಬರ್ ಮೊದಲರ್ಧದಲ್ಲೇ ಬರುತ್ತದೆ. ಮೆತ್ತಗೆ, ಘಮಘಮ, ಬೇಯಿಸಿದರೆ ಕರಗಿಹೋಗುತ್ತದೆ. ಕಾರ್ಟ್‌ಲ್ಯಾಂಡ್ ಹೆಚ್ಚಿಟ್ಟರೂ ಬೇಗ ಕಪ್ಪಾಗುವುದಿಲ್ಲ, ಆದ್ದರಿಂದ ಕೋಸಂಬರಿಗೆ, ಮಕ್ಕಳ ಡಬ್ಬಿಗೆ ಒಳ್ಳೆಯದು. ಎಂಪೈರ್ ಡಬ್ಬಿಗೂ ಆಯಿತು, ಕೇಕಿಗೂ ಆಯಿತು. ಅಕ್ಟೋಬರ್ ಮಧ್ಯದ ಮೇಲೆ ನಾರ್ದರ್ನ್ ಸ್ಪೈ ಬರುತ್ತದೆ. ಇದು ಇದೇ ರಾಜ್ಯದ ಹಳೆಯ ತಳಿ, ಬೆಂದರೂ ಹೋಳು ಹೋಳಾಗಿಯೇ ಇರುತ್ತದೆ. ದೊಡ್ಡ ಅಂಗಡಿಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ, ತೋಟದಲ್ಲಿ ಕೇಳಬೇಕು. ಹನಿಕ್ರಿಸ್ಪ್ ಬೆಲೆ ಜಾಸ್ತಿ. ಅದನ್ನು ಹಾಗೇ ತಿನ್ನಿ, ಒಲೆಗೆ ಹಾಕಬೇಡಿ. ಕಾರ್ಟ್‌ಲ್ಯಾಂಡ್, ಎಂಪೈರ್ ಎರಡೂ ಇದೇ ರಾಜ್ಯದ ಜಿನೀವಾ ಊರಿನ ಸಂಶೋಧನಾ ಕೇಂದ್ರದಲ್ಲಿ ಮ್ಯಾಕಿಂಟಾಶ್‌ನಿಂದ ಹುಟ್ಟಿದ ತಳಿಗಳು. ಕಾರ್ಟ್‌ಲ್ಯಾಂಡ್ ಜನರ ಕೈಗೆ ಬಂದದ್ದು 1915ರಲ್ಲಿ, ಎಂಪೈರ್ 1966ರಲ್ಲಿ.

ತೋಟಕ್ಕೆ ಹೋಗುವುದಾದರೆ ಅಕ್ಟೋಬರ್ ಎರಡನೇ ಸೋಮವಾರದ ರಜೆಯ ವಾರಾಂತ್ಯ ಬಿಟ್ಟುಬಿಡಿ, ಜಾತ್ರೆಯಂತೆ ಜನ ಇರುತ್ತಾರೆ. ಚೀಲದ ಲೆಕ್ಕ ಪೆಕ್, ಬುಶೆಲ್ ಎಂದಿರುತ್ತದೆ. ಒಂದು ಪೆಕ್ ಅಂದರೆ ಸುಮಾರು 10 ಪೌಂಡ್, ನಾಲ್ಕೂವರೆ ಕೆ.ಜಿ. ನಾಲ್ಕು ಪೆಕ್ ಸೇರಿದರೆ ಒಂದು ಬುಶೆಲ್. ಇಬ್ಬರಿರುವ ಮನೆಗೆ ಒಂದು ಪೆಕ್ ಸಾಕು, ಅರ್ಧ ಬುಶೆಲ್ ತಂದರೆ ಕೊಳೆಯುತ್ತದೆ. ಹಣ್ಣನ್ನು ಎಳೆಯಬೇಡಿ. ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ ತಿರುಗಿಸಿದರೆ ತೊಟ್ಟಿನ ಸಮೇತ ಬಿಡುತ್ತದೆ. ಕೊಂಬೆ ಅಲ್ಲಾಡಿಸುವುದು ತಪ್ಪು, ಪಕ್ಕದ ಹಣ್ಣೂ ಬಿದ್ದು ಹಾಳಾಗುತ್ತದೆ. ನೆಲಕ್ಕೆ ಬಿದ್ದದ್ದನ್ನು ಆರಿಸಬೇಡಿ, ಜಿಂಕೆಗಳು ಓಡಾಡುವ ಜಾಗ ಅದು.

ಜಿಂಕೆ ಎಂದಾಗ ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಇಲ್ಲಿ ಹುಲ್ಲಿನಲ್ಲಿ ಉಣುಗು (ಟಿಕ್) ಇರುತ್ತದೆ. ಚಳಿ ಶುರುವಾದ ಮೇಲೂ, ಅಕ್ಟೋಬರ್ ನವೆಂಬರಿನಲ್ಲೂ ಇರುತ್ತದೆ. ಅದು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ, ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಪೂರ್ತಿ ಪ್ಯಾಂಟ್ ಹಾಕಿ, ಅದರ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಮನೆಗೆ ಬಂದು ಸ್ನಾನ ಮಾಡುವಾಗ ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ, ಮಂಡಿ ಹಿಂದೆ ನೋಡಿ. ಆಮೇಲೆ ಜ್ವರವೋ ಚರ್ಮದ ಮೇಲೆ ಕೆಂಪು ಗುರುತೋ ಕಂಡರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ.

ಮನೆಗೆ ತಂದ ಹಣ್ಣು ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಇರಲಿ, ಅದೊಂದೇ ಇರಲಿ. ಸೇಬು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಪಕ್ಕದಲ್ಲಿ ಕೊತ್ತಂಬರಿ, ಮೆಂತ್ಯ ಸೊಪ್ಪು ಇಟ್ಟರೆ ಬೇಗ ಹಳದಿಯಾಗುತ್ತವೆ. ಇದೇ ಗುಣದಿಂದ ಒಂದು ಉಪಯೋಗವೂ ಇದೆ: ಕಲ್ಲಿನಂಥ ಮಾವಿನಕಾಯಿಯೋ ಬೆಣ್ಣೆಹಣ್ಣೋ ತಂದಿದ್ದರೆ ಕಾಗದದ ಚೀಲದಲ್ಲಿ ಒಂದು ಸೇಬಿನ ಜೊತೆ ಕಟ್ಟಿಡಿ, ಬೇಗ ಹಣ್ಣಾಗುತ್ತದೆ.

ಇನ್ನು ಅಡುಗೆ. ನಮ್ಮದರಿಂದಲೇ ಶುರು ಮಾಡೋಣ, ಅಲ್ವಾ? ಅನಾನಸ್ ಗೊಜ್ಜು ಮಾಡಲು ಬರುವವರಿಗೆ ಸೇಬಿನ ಗೊಜ್ಜು ಬಂದಂತೆಯೇ. ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಚಮಚ, ನಾಲ್ಕೈದು ಮೆಂತ್ಯದ ಕಾಳು, ಐದು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಬಿಳಿ ಎಳ್ಳು ಹುರಿದು, ಎರಡು ಚಮಚ ಕೊಬ್ಬರಿ ಸೇರಿಸಿ ರುಬ್ಬಿಕೊಳ್ಳಿ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆಗೆ ಸಿಪ್ಪೆ ಸಮೇತ ಹೆಚ್ಚಿದ ಎರಡು ಗ್ರ್ಯಾನಿ ಸ್ಮಿತ್, ಅರಿಶಿನ, ಉಪ್ಪು, ಬೆಲ್ಲ, ಹುಣಸೆರಸ. ಹಣ್ಣಿನಲ್ಲೇ ಹುಳಿ ಇದೆ, ಆದ್ದರಿಂದ ಹುಣಸೆ ಅರ್ಧಕ್ಕೆ ಇಳಿಸಿ. ಐದು ನಿಮಿಷ ಬೆಂದ ಮೇಲೆ ರುಬ್ಬಿದ್ದು ಹಾಕಿ ಒಂದು ಕುದಿ ಬರಿಸಿ ಇಳಿಸಿ. ಹೋಳು ಕಚ್ಚಿದರೆ ಸ್ವಲ್ಪ ಗಟ್ಟಿ ಇರಬೇಕು, ಆಗಲೇ ಅದು ಗೊಜ್ಜು.

ಮಾವಿನಕಾಯಿ ಚಿತ್ರಾನ್ನದ ಆಸೆಯಾದರೆ ಅದೇ ಗ್ರ್ಯಾನಿ ಸ್ಮಿತ್ ತುರಿದು, ನೀರು ಹಿಂಡಿ ತೆಗೆದು, ತೆಂಗಿನಕಾಯಿ ಸಾಸಿವೆ ರುಬ್ಬಿದ ಮಸಾಲೆಯಲ್ಲಿ ಎರಡೇ ನಿಮಿಷ ಬಾಡಿಸಿ. ಅರ್ಧ ನಿಂಬೆಹಣ್ಣಿನ ರಸ ಬೇಕೇ ಬೇಕು, ಮಾವಿನಷ್ಟು ಹುಳಿ ಇದಕ್ಕಿಲ್ಲ. ದಿಢೀರ್ ಉಪ್ಪಿನಕಾಯಿಯೂ ಚೆನ್ನಾಗಿ ಆಗುತ್ತದೆ. ಆದರೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ, ಮಿಡಿ ಉಪ್ಪಿನಕಾಯಿಯಂತೆ ವರ್ಷ ಇಡುವುದಲ್ಲ.

ಓವನ್ ವಿಷಯಕ್ಕೆ ಬರುತ್ತೇನೆ. ಹಚ್ಚುವ ಮೊದಲು ಬಾಗಿಲು ತೆಗೆದು ಒಳಗೆ ನೋಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಾಣಲೆ, ಕುಕ್ಕರ್ ಇಡುವ ಕಪಾಟು ಅದೇ. ನಾನು ಬಂದ ಮೊದಲ ವರ್ಷ ಒಳಗಿದ್ದ ಪ್ಲಾಸ್ಟಿಕ್ ಹಿಡಿಯ ತವ ಕರಗಿ, ಹೊಗೆಯ ಅಲಾರಂ ಕೂಗಿ, ಕಂಕುಳಲ್ಲಿ ಕೂಸು ಎತ್ತಿಕೊಂಡು ಹೊರಗೆ ಓಡಿದ್ದೆ. ಇಲ್ಲಿ ಶಾಖ ಫ್ಯಾರನ್‌ಹೀಟ್‌ನಲ್ಲಿ ಇರುತ್ತದೆ: 350 ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 177 ಡಿಗ್ರಿ. ಇಲ್ಲಿನ ಒಂದು ಕಪ್ ಸುಮಾರು 240 ಮಿ.ಲೀ., ಒಂದು ಸ್ಟಿಕ್ ಬೆಣ್ಣೆ 113 ಗ್ರಾಂ. ಆಲ್ ಪರ್ಪಸ್ ಹಿಟ್ಟನ್ನು ಮೈದಾ ಎಂದೇ ತಿಳಿಯಿರಿ.

ಪೈ, ಎಂದರೆ ಹಿಟ್ಟಿನ ಹೊದಿಕೆಯೊಳಗೆ ಹಣ್ಣು ತುಂಬಿ ಬೇಯಿಸುವ ತಿನಿಸು, ಮಾಡಲು ಹೋಗಬೇಡಿ ಮೊದಲು. ಆಪಲ್ ಕ್ರಿಸ್ಪ್ ಮಾಡಿ. ಆರು ಸೇಬು, ಅರ್ಧ ಕಾರ್ಟ್‌ಲ್ಯಾಂಡ್ ಅರ್ಧ ಗ್ರ್ಯಾನಿ ಸ್ಮಿತ್ ಇದ್ದರೆ ರುಚಿ ಹೆಚ್ಚು. ಸಿಪ್ಪೆ ತೆಗೆದು ಹೆಚ್ಚಿ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ನಿಂಬೆರಸ ಕಲಸಿ 9 ಇಂಚಿನ ಚೌಕ ಪಾತ್ರೆಯಲ್ಲಿ ಹರಡಿ. ಮೇಲಕ್ಕೆ ಒಂದು ಕಪ್ ಓಟ್ಸ್, ಮುಕ್ಕಾಲು ಕಪ್ ಮೈದಾ, ಮುಕ್ಕಾಲು ಕಪ್ ಬೆಲ್ಲದ ಪುಡಿ, ಒಂದು ಸ್ಟಿಕ್ ತಣ್ಣನೆಯ ಬೆಣ್ಣೆ. ಬೆರಳ ತುದಿಯಲ್ಲಿ ಉಜ್ಜಿ ಪುಡಿಪುಡಿ ಮಾಡಿ ಉದುರಿಸಿ. 350ರಲ್ಲಿ 45 ನಿಮಿಷ, ಅಂಚಿನಲ್ಲಿ ರಸ ಕುದಿಯುವವರೆಗೆ. ಮೊಟ್ಟೆ ಇಲ್ಲ, ಲಟ್ಟಿಸುವ ಕೆಲಸ ಇಲ್ಲ. ಅಂಗಡಿಯಲ್ಲಿ 'ಆಪಲ್ ಪೈ ಸ್ಪೈಸ್' ಎಂದು ಡಬ್ಬಿ ಮಾರುತ್ತಾರೆ, ಕೊಳ್ಳಬೇಡಿ. ಅದರಲ್ಲಿರುವ ಚಕ್ಕೆ, ಜಾಯಿಕಾಯಿ ನಿಮ್ಮ ಮಸಾಲೆ ಡಬ್ಬಿಯಲ್ಲೇ ಇವೆ. ನಾನು ಚಕ್ಕೆ ಕಡಿಮೆ ಮಾಡಿ ಏಲಕ್ಕಿ ಹಾಕುತ್ತೇನೆ. ದಸರಾ ಗೊಂಬೆ ನೋಡಲು ಬಂದವರಿಗೆ ಇದನ್ನು ಕೊಟ್ಟಾಗ ಪಾತ್ರೆ ಖಾಲಿಯಾಗದೇ ಉಳಿದದ್ದಿಲ್ಲ.

ಮ್ಯಾಕಿಂಟಾಶ್ ಉಳಿದಿದ್ದರೆ ಆಪಲ್ ಸಾಸ್. ಸಿಪ್ಪೆ ತೆಗೆದ ಹೋಳುಗಳಿಗೆ ಕಾಲು ಕಪ್ ನೀರು, ಸಣ್ಣ ಉರಿ, 20 ನಿಮಿಷ, ಸೌಟಿನಲ್ಲಿ ಮಸೆಯಿರಿ, ಅಷ್ಟೇ. ಮೊಟ್ಟೆ ತಿನ್ನದವರಿಗೆ ಇದು ದೊಡ್ಡ ಉಪಕಾರ. ಕೇಕಿನಲ್ಲಿ ಒಂದು ಮೊಟ್ಟೆಯ ಬದಲು ಕಾಲು ಕಪ್ ಸಾಸ್, ಜೊತೆಗೆ ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಹೆಚ್ಚಿಗೆ. ಎರಡು ಮೊಟ್ಟೆಯವರೆಗೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಇರುವ ಕೇಕಿನಲ್ಲಿ ಹಿಟ್ಟು ಭಾರವಾಗಿ ಕೂತುಬಿಡುತ್ತದೆ.

ಸಸ್ಯಾಹಾರಿಗಳಿಗೆ ಇನ್ನೆರಡು ಎಚ್ಚರಿಕೆ. ತೋಟದಲ್ಲಿ ಬಿಸಿಬಿಸಿ ಮಾರುವ ಸೈಡರ್ ಡೋನಟ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಅಂಗಡಿಯ ಸಿದ್ಧ ಪೈ ಹಿಟ್ಟಿನಲ್ಲಿ ಕೆಲವೊಮ್ಮೆ ಲಾರ್ಡ್ ಇರುತ್ತದೆ, ಎಂದರೆ ಹಂದಿಯ ಕೊಬ್ಬು. ಲೇಬಲ್ ಓದದೆ ಬುಟ್ಟಿಗೆ ಹಾಕಬೇಡಿ.

ಸೈಡರ್ ಎಂದರೆ ಅಮೆರಿಕದಲ್ಲಿ ಸೋಸದ ಸೇಬಿನ ರಸ, ಕುಡಿದರೆ ನಶೆ ಏರುವುದಿಲ್ಲ. 'ಹಾರ್ಡ್ ಸೈಡರ್' ಎಂದಿದ್ದರೆ ಮಾತ್ರ ಮದ್ಯ. ಲಂಡನ್ನಿನಲ್ಲಿರುವ ನಮ್ಮವರಿಗೆ ಲೆಕ್ಕ ಬೇರೆ, ಅಲ್ಲಿ ಸೈಡರ್ ಎಂದರೇ ಮದ್ಯ. ಮಗುವಿಗೆ, ಬಸುರಿಗೆ, ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಕೊಡುವಾಗ ಪಾಶ್ಚರೀಕರಿಸಿದ್ದೇ ಎಂದು ನೋಡಿ. ಅಲ್ಲದಿದ್ದರೆ ಚೆನ್ನಾಗಿ ಕುದಿಸಿ. ಶುಂಠಿ, ನಾಲ್ಕು ಮೆಣಸು, ಎರಡು ಲವಂಗ ಜಜ್ಜಿ ಹಾಕಿ ಕುದಿಸಿದರೆ ನಮ್ಮ ಕಷಾಯದ ತಮ್ಮನಂತೆ ಇರುತ್ತದೆ. ನಮ್ಮಮ್ಮ ಬಂದಾಗ ಕಾಫಿ ಬಿಟ್ಟು ಇದನ್ನು ಕೇಳುತ್ತಿದ್ದರು.

ಪೈ ಮಾಡುವ ಆಸೆ ಇದ್ದೇ ಇದೆ ಎಂದರೆ ಒಂದು ಮಾತು. ಹೋಳಿಗೆಯ ಕಣಕ ನಾದಿದಷ್ಟೂ ಒಳ್ಳೆಯದು. ಪೈ ಹಿಟ್ಟು ಅದಕ್ಕೆ ಪೂರ್ತಿ ಉಲ್ಟಾ. ತಣ್ಣನೆಯ ಬೆಣ್ಣೆಯ ಚೂರುಗಳು ಹಿಟ್ಟಿನಲ್ಲಿ ಹಾಗೇ ಉಳಿಯಬೇಕು. ಓವನ್ನಿನಲ್ಲಿ ಬೆಣ್ಣೆಯೊಳಗಿನ ನೀರು ಆವಿಯಾಗಿ ಪದರ ಬಿಡಿಸುತ್ತದೆ. ನಾದಿದರೆ ಪದರ ಏಳುವುದಿಲ್ಲ. ಒಳಗೆ ಬರೀ ಮ್ಯಾಕಿಂಟಾಶ್ ಹಾಕಬೇಡಿ, ಸಾರಿನಂತಾಗುತ್ತದೆ. ನನ್ನ ಮೊದಲ ಪೈಯನ್ನು ಚಮಚದಲ್ಲಿ ಬಡಿಸಬೇಕಾಯಿತು. ನಾರ್ದರ್ನ್ ಸ್ಪೈ ಸಿಕ್ಕರೆ ಅದೇ ಹಾಕಿ. ಬೆಂದ ಮೇಲೆ ಮೂರು ಗಂಟೆ ಮುಟ್ಟಬೇಡಿ, ಆಗಲೇ ರಸ ಗಟ್ಟಿಯಾಗುವುದು.

ನವೆಂಬರಿನಲ್ಲಿ ತೋಟಗಳು ಮುಚ್ಚುವ ಹೊತ್ತಿಗೆ ಇನ್ನೂ ಹಣ್ಣು ಉಳಿದಿದ್ದರೆ ಹೆಚ್ಚಿ, ನಿಂಬೆರಸ ಸವರಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಜನವರಿಯಲ್ಲಿ ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟ ದಿನ ಕ್ರಿಸ್ಪ್ ಮಾಡಬಹುದು. ಹೋಳನ್ನು ಕರಗಿಸಲು ಹೋಗಬೇಡಿ, ಮಂಜುಗಟ್ಟಿದ್ದನ್ನೇ ಪಾತ್ರೆಗೆ ಸುರಿದು ಓವನ್ನಿನಲ್ಲಿ ಹತ್ತು ಹದಿನೈದು ನಿಮಿಷ ಜಾಸ್ತಿ ಇಡಿ.