ಬಿಸಿಲು ವರ್ಷದ ರೆಡ್ ವೈನ್ ಕೊಂಡು ಇಡೋರಿಗೆ

ನಮ್ಮ ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಬೆಳೆಯೋರಿಗೆ ಇದು ಗೊತ್ತಿರೋದೇ, ಬಿಸಿಲು ಜಾಸ್ತಿ ಆದ್ರೆ ಹಣ್ಣಲ್ಲಿ ಸಕ್ಕರೆ ಏರುತ್ತೆ, ಹುಳಿ ಇಳಿಯುತ್ತೆ, ವೈನಲ್ಲಿ ಅದೇ ಸಕ್ಕರೆ ಆಲ್ಕೋಹಾಲ್ ಆಗುತ್ತೆ. 2003ರಲ್ಲಿ ಯುರೋಪ್ ಸುಟ್ಟುಹೋಗೋ ಹಾಗೆ ಬಿಸಿಲು ಬಿತ್ತಲ್ಲ, ಆ ವರ್ಷದ ಫ್ರಾನ್ಸಿನ ಬೋರ್ಡೋ ಸೀಮೆ ವೈನ್ ಅಂದ ತಕ್ಷಣ ಬೇಡ ಅನ್ಬೇಡಿ, ಯಾವ ಊರಿಂದು ನೋಡಿ. ಅಲ್ಲಿನ ಸೇಂಟ್ ಎಸ್ಟೆಫ್ ಕಡೆ ಜೇಡಿಮಣ್ಣು ನೀರು ಹಿಡ್ಕೊಂಡಿತ್ತು ಗಿಡ ತಡ್ಕೊಳ್ತು, ಪೊಮೆರಾಲ್ ಕಡೆ ಬೇಗ ಹಣ್ಣಾಗೋ ಮೆರ್ಲೋ ದ್ರಾಕ್ಷಿಗೆ ಪೆಟ್ಟು ಬಿತ್ತು.

ಟೇಸ್ಟ್ ಮಾಡೋಕೆ ಸಿಕ್ರೆ ಮೂಸಿ ನೋಡಿ, ಬರೀ ಒಣದ್ರಾಕ್ಷಿ, ಜಾಮ್ ವಾಸನೆ ಬಂದ್ರೆ ನಾನಂತೂ ಇಡೋಕೆ ತಗೊಳ್ಳಲ್ಲ. ಒಂದು ಗುಟುಕು ನುಂಗಿದ ಮೇಲೆ ನಾಲಿಗೆಯ ಎರಡೂ ಪಕ್ಕ ನೀರೂರ್ಬೇಕು, ಹುಳಿ ಉಳಿದಿದೆ ಅನ್ನೋಕೆ ಅದೇ ಗುರುತು. ಗಂಟಲು ಉರಿದು, ಕಾಯಿ ನೇರಳೆ ತಿಂದಂಗೆ ಬಾಯಿ ಒಗರು ಹಿಡಿದ್ರೆ ವರ್ಷಗಟ್ಟಲೆ ಇಟ್ರೂ ಸರಿಹೋಗೋದು ಕಷ್ಟ. ತುಂಬಾ ಬೆಚ್ಚಗಿದ್ರೆ ಒಳ್ಳೇ ವೈನೂ ಉರಿಯುತ್ತೆ, ಅದಕ್ಕೆ 16-18 ಡಿಗ್ರಿಲೇ ಕುಡಿದು ನೋಡಿ.

ಬಾಟ್ಲಿ ಕಾರ್ಕ್ ಮೇಲಕ್ಕೆ ಉಬ್ಬಿದ್ರೆ, ಸೋರಿದ ಕಲೆ ಇದ್ರೆ ಸಾಗಿಸುವಾಗ ಬಿಸಿ ತಗುಲಿರಬಹುದು, ಮುಟ್ಬೇಡಿ. ತಂದ್ಮೇಲೂ ಅಡುಗೆಮನೆ ಅಟ್ಟದ ಮೇಲೆ ಇಡ್ಬೇಡ್ರಪ್ಪ, 12-14 ಡಿಗ್ರಿ, ಕತ್ತಲು, ಮಲಗಿಸಿ ಇಡಿ.