ತೈಲ ರಿಗ್‌ಗಳ ಕಡಲಲ್ಲಿ ಹಾಯಿದೋಣಿ: ಸುರಕ್ಷಿತವಾಗಿ ದಾಟುವುದು ಹೇಗೆ?

ಚಾರ್ಟ್ (ಸಮುದ್ರದ ನಕ್ಷೆ) ಮೇಲೆ ಸ್ಕೇಲ್ ಇಟ್ಟು ಕಾರವಾರದಿಂದ ದಿಯುಗೆ ಒಂದು ನೇರ ಗೆರೆ ಎಳೆಯಿರಿ. ಮುಂಬೈ ಪಶ್ಚಿಮಕ್ಕಿರುವ ತೈಲ ಬಾವಿಗಳ ನಡುವೆಯೇ ಆ ಗೆರೆ ಹಾದು ಹೋಗುತ್ತದೆ. ಮುಂಬೈಯಿಂದ ಮಸ್ಕತ್‌ಗೆ ಎಳೆದರೂ ಅಷ್ಟೇ, ಮುಂಬೈ ಹೈ ದಾರಿಗೆ ಅಡ್ಡ ಸಿಗುತ್ತದೆ. 1974ರಲ್ಲಿ ‘ಸಾಗರ್ ಸಮ್ರಾಟ್’ ರಿಗ್ ಎಣ್ಣೆ ಹುಡುಕಿದ ಜಾಗ ಅದು. ದಡದಿಂದ ಸುಮಾರು 160 ಕಿ.ಮೀ. ದೂರ. ಹಾಯಿದೋಣಿ ಅಥವಾ ಯಾಟ್‌ನಲ್ಲಿ ಉತ್ತರಕ್ಕೆ ಹೊರಟವರು ಈ ನೀರಿನ ಬಗ್ಗೆ ದಡದಲ್ಲಿರುವಾಗಲೇ ಯೋಚಿಸಬೇಕು.

ಮೊದಲ ಕೆಲಸ ಚಾರ್ಟ್‌ನದು. ತೈಲ ವಲಯದ ಎಲ್ಲೆಯನ್ನು ಅದರಲ್ಲಿ ಗುರುತು ಮಾಡಿರುತ್ತಾರೆ. ನಿಮ್ಮ ದಾರಿ ಆ ಎಲ್ಲೆಯ ಹೊರಗೇ ಇರಲಿ. ಸುತ್ತು ಹಾಕಿದ್ದಕ್ಕೆ 40 ನಾಟಿಕಲ್ ಮೈಲಿ ಜಾಸ್ತಿ ಆಯಿತು ಅನ್ನಿ. 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ ವೇಗದಲ್ಲಿ ಅದು ಬರೀ 8 ಗಂಟೆ. ಹಳೆಯ ಚಾರ್ಟ್ ಮಾತ್ರ ನಂಬಬೇಡಿ. ಪ್ಲಾಟ್‌ಫಾರಂ ಇದ್ದಲ್ಲೇ ಇರುತ್ತದೆ, ಆದರೆ ಕೊರೆಯುವ ರಿಗ್ ಇವತ್ತು ಇಲ್ಲಿ, ಮುಂದಿನ ತಿಂಗಳು ಇನ್ನೆಲ್ಲೋ. ಡೆಹ್ರಾಡೂನ್‌ನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ನಾವಿಕರಿಗೆ ಸೂಚನೆಗಳನ್ನು ಹೊರಡಿಸುತ್ತದೆ. ಹೊರಡುವ ಹಿಂದಿನ ದಿನ ಅವನ್ನು ಓದಿ, ಪೆನ್ಸಿಲ್‌ನಲ್ಲಿ ಚಾರ್ಟ್ ಮೇಲೆ ಹಾಕಿಕೊಳ್ಳಿ.

ಪ್ರತಿ ಪ್ಲಾಟ್‌ಫಾರಂ ಸುತ್ತ 500 ಮೀಟರ್ ಸುರಕ್ಷಾ ವಲಯ ಇರುತ್ತದೆ. ಅಲ್ಲಿ ಕೆಲಸವಿಲ್ಲದ ದೋಣಿ ಅದರೊಳಗೆ ಕಾಲಿಡುವ ಹಾಗಿಲ್ಲ. ಆದರೆ 500 ಮೀಟರ್ ಅನ್ನೋದು ಕಾನೂನಿನ ಗಡಿ, ನಿಮ್ಮ ಸುರಕ್ಷತೆಯ ಅಳತೆ ಅಲ್ಲ.

ಯಾಕೆ ಅಂದರೆ, ಲೆಕ್ಕ ಹಾಕಿ ನೋಡಿ. ಖಂಬಾತ್ ಕೊಲ್ಲಿಯ ಕಡೆಯ ಉಬ್ಬರ-ಇಳಿತ ದೇಶದಲ್ಲೇ ಜೋರಾದದ್ದು. ನೀರಿನ ಸೆಳೆತ 2 ನಾಟ್ ಇದ್ದರೆ ದೋಣಿ ಸೆಕೆಂಡಿಗೆ ಸುಮಾರು 1 ಮೀಟರ್ ಜಾರುತ್ತದೆ. ಗಾಳಿ ಬಿದ್ದು ಹಾಯಿ ಜೋತಿದೆ, ಎಂಜಿನ್ನೂ ಕೆಮ್ಮಿ ನಿಂತಿತು ಅಂದುಕೊಳ್ಳಿ. 500 ಮೀಟರ್ ಕಳೆಯಲು 8 ನಿಮಿಷ ಸಾಕು. ಡೀಸೆಲ್ ಫಿಲ್ಟರ್ ಬಿಚ್ಚಿ, ಹೊಸದು ಕೂರಿಸಿ, ಪೈಪಿನ ಗಾಳಿ ತೆಗೆದು ಮತ್ತೆ ಸ್ಟಾರ್ಟ್ ಮಾಡಲು ನನಗೆ ಅರ್ಧ ಗಂಟೆ ಬೇಕು, ಅದೂ ಅಲೆ ಇಲ್ಲದಾಗ. ಹಾಗಾಗಿ ಕಡಿಮೆ ಅಂದರೂ 2 ಮೈಲಿ ದೂರ ಬಿಡಿ. ಆಗ ಕೈಯಲ್ಲಿ ಒಂದು ಗಂಟೆ ಇರುತ್ತದೆ.

ದೂರಕ್ಕಿಂತ ಮುಖ್ಯವಾದದ್ದು ಯಾವ ಕಡೆಯಿಂದ ಹೋಗುತ್ತೀರಿ ಅನ್ನೋದು. ಸೆಳೆತ ನಿಮ್ಮನ್ನು ಪ್ಲಾಟ್‌ಫಾರಂನಿಂದ ಆಚೆ ಒಯ್ಯುವ ಬದಿಯನ್ನೇ ಹಿಡಿಯಿರಿ. ಎಲ್ಲಾ ಕೈಕೊಟ್ಟರೂ ನೀರೇ ನಿಮ್ಮನ್ನು ದೂರ ತಳ್ಳಬೇಕು. ಸುಮಾರು ಆರು ಗಂಟೆಗೊಮ್ಮೆ ಸೆಳೆತ ತಿರುಗುತ್ತದೆ, ಅಲ್ವಾ? ಬೆಳಿಗ್ಗೆ ಸುರಕ್ಷಿತವಾಗಿದ್ದ ಬದಿ ಮಧ್ಯಾಹ್ನಕ್ಕೆ ಹಾಗಿರುವುದಿಲ್ಲ. ನೀವು ಅಲ್ಲಿಗೆ ಮುಟ್ಟುವ ಹೊತ್ತಿನ ಸೆಳೆತ ನೋಡಿ, ಹೊರಡುವ ಹೊತ್ತಿನದ್ದಲ್ಲ.

ದೊಡ್ಡ ಹಡಗಿಗೂ ಇದು ತಪ್ಪಿದ್ದಲ್ಲ. 2005ರ ಜುಲೈ 27ರಂದು ‘ಸಮುದ್ರ ಸುರಕ್ಷಾ’ ಹಡಗಿನ ಅಡುಗೆಯವರೊಬ್ಬರ ಕೈಗೆ ಗಾಯವಾಗಿತ್ತು. ಅವರನ್ನು ಚಿಕಿತ್ಸೆಗೆ ದಾಟಿಸಲು ಹಡಗು ಮುಂಬೈ ಹೈ ಉತ್ತರದ ಪ್ಲಾಟ್‌ಫಾರಂ ಹತ್ತಿರ ಹೋಯಿತು. ಮಳೆಗಾಲದ ಅಲೆ ಅದನ್ನು ಗ್ಯಾಸ್ ಪೈಪಿಗೆ ಬಡಿಯಿತು. ಬೆಂಕಿಗೆ ಇಡೀ ಪ್ಲಾಟ್‌ಫಾರಂ ಆಹುತಿಯಾಯಿತು, 22 ಜನ ಜೀವ ಕಳೆದುಕೊಂಡರು. ತೈಲ ಪ್ಲಾಟ್‌ಫಾರಂಗಳಿಗೆ ನೆರವಾಗುವ ಕೆಲಸದಲ್ಲೇ ಪಳಗಿದ ಹಡಗದು.

ದೂರದಿಂದ ಪ್ಲಾಟ್‌ಫಾರಂ ಕಂಡ ಕೂಡಲೇ ಕೈ ದಿಕ್ಸೂಚಿ ತೆಗೆಯಿರಿ. ಅದು 320 ಡಿಗ್ರಿಯಲ್ಲಿ ಕಂಡಿತು ಅನ್ನಿ, ಬರೆದಿಡಿ. 5 ನಿಮಿಷ ಬಿಟ್ಟು ಮತ್ತೆ ನೋಡಿ. 326 ಆದರೆ ಸರಿ, ನೀವು ಪಕ್ಕದಿಂದ ದಾಟುತ್ತಿದ್ದೀರಿ. ಮತ್ತೆ 320, ಮತ್ತೆ 320 ಬಂದರೆ ದೋಣಿಯ ಮೂತಿ ಎತ್ತ ಇದ್ದರೂ ನೀವು ಹೋಗುತ್ತಿರುವುದು ನೇರ ಅದರ ಮೇಲಕ್ಕೇ. ತಕ್ಷಣ ದಿಕ್ಕು ಬದಲಿಸಿ, ಅದೂ 5 ಡಿಗ್ರಿ ಅಲ್ಲ, 30 ಡಿಗ್ರಿ.

ರಾತ್ರಿ ಕಣ್ಣು ಮೋಸ ಮಾಡುತ್ತದೆ. ಗ್ಯಾಸ್ ಉರಿಯುವ ಜ್ವಾಲೆ, ನೂರಾರು ದೀಪ, ದೂರದಲ್ಲಿ ಜಾತ್ರೆ ನಡೆದ ಹಾಗೆ ಕಾಣುತ್ತದೆ. ಹತ್ತಿರವೋ ದೂರವೋ ಗೊತ್ತಾಗುವುದಿಲ್ಲ. ಆ ಬೆಳಕಿನಲ್ಲಿ ಮುಂದಿರುವ ಸಣ್ಣ ದೋಣಿಯ ದೀಪ ಮುಳುಗಿ ಹೋಗುತ್ತದೆ. ಜನರಿಲ್ಲದ ಬಾವಿ ಪ್ಲಾಟ್‌ಫಾರಂ ಇದಕ್ಕೆ ಉಲ್ಟಾ, ಒಂಟಿಯಾಗಿ ಕತ್ತಲಲ್ಲಿ ನಿಂತಿರುತ್ತದೆ. ಬಿಳಿ ದೀಪ ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಮಿನುಗುತ್ತದಾ ನೋಡಿ. 15 ಸೆಕೆಂಡಿಗೊಮ್ಮೆ ಬರುವ ಆ ಮಿನುಗು ಮೋರ್ಸ್‌ನ ‘ಯು’ ಅಕ್ಷರ. ‘ನೀವು ಅಪಾಯದತ್ತ ಬರುತ್ತಿದ್ದೀರಿ’ ಅಂತ ಅರ್ಥ. ಮಂಜು ಮುಸುಕಿದ್ದರೆ ಹಾರ್ನ್ ಕೂಡ ಇದನ್ನೇ ಕೂಗುತ್ತದೆ. ರಾತ್ರಿ ಇಬ್ಬರು ಎಚ್ಚರ ಇರಲಿ, ಒಬ್ಬರ ಕಣ್ಣು ಜ್ವಾಲೆಯ ಕಡೆ ಹೋಗದೆ ಕತ್ತಲಲ್ಲೇ ಇರಲಿ.

ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ಯಾವಾಗಲೂ ಆನ್ ಇಡಿ. ಕಾವಲು ದೋಣಿ ಕರೆದರೆ ದೋಣಿಯ ಹೆಸರು, ಜಾಗ, ದಿಕ್ಕು, ವೇಗ ಇಷ್ಟು ಹೇಳಿ. ಇದು ನೌಕಾಪಡೆ, ಕೋಸ್ಟ್ ಗಾರ್ಡ್ ಕಾಯುವ ನೀರು. ಸುಮ್ಮನಿದ್ದರೆ ಅನುಮಾನ ಬರುತ್ತದೆ. ಎಐಎಸ್ (ದೋಣಿಯ ಗುರುತು, ಜಾಗವನ್ನು ತಾನಾಗಿಯೇ ಬೇರೆ ಹಡಗುಗಳಿಗೆ ತಿಳಿಸುವ ಸಾಧನ) ಇದ್ದರೆ ಆರಿಸಬೇಡಿ. ಒಂದರ ಮೇಲೊಂದು ಕೆಂಪು, ಬಿಳಿ, ಕೆಂಪು ದೀಪ ಹಾಕಿದ ಹಡಗು ಕಂಡರೆ ಅದಕ್ಕೆ ಸುಲಭವಾಗಿ ತಿರುಗಲು ಆಗುವುದಿಲ್ಲ, ನೀವೇ ದಾರಿ ಬಿಡಿ. ಸಮುದ್ರ ತಳ ಸರ್ವೆ ಮಾಡುವ ಹಡಗು ಕಿಲೋಮೀಟರ್‌ಗಟ್ಟಲೆ ಕೇಬಲ್ ಎಳೆಯುತ್ತಿರುತ್ತದೆ. ಅದರ ಹಿಂದಿನಿಂದ ದಾಟುವ ಮೊದಲು ರೇಡಿಯೋದಲ್ಲಿ ಕೇಳಿ.

ಬಿರುಗಾಳಿಯಲ್ಲಿ ರಿಗ್ ಹತ್ತಿರ ಆಸರೆ ಸಿಗುತ್ತದೆ ಅಂದುಕೊಳ್ಳಬೇಡಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ತೈಲ ವಲಯದ ಕೆಲಸಗಾರರು ತಂಗಿದ್ದ ಪಿ-305 ಬಾರ್ಜ್ ಲಂಗರು ಕಿತ್ತುಕೊಂಡು ಹೋಗಿ ಮುಳುಗಿತು, ಅನೇಕ ಜನ ಸತ್ತರು. ಹವಾಮಾನ ಕೆಟ್ಟದಾಗುವ ಮುನ್ಸೂಚನೆ ಇದ್ದರೆ ಬಂದರು ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡವೇ ಬೇಡ.

ಮುಂಬೈ ಕಡೆ ತಿರುಗಿ ದಡಕ್ಕೆ ಬಂದರೆ ಇನ್ನೊಂದು ವಿಷಯ. ಆಳದ ಬಾವಿಗಳಿಂದ ಪೈಪ್‌ಗಳು ಸಮುದ್ರ ತಳದಲ್ಲೇ ಉರಣ್‌ವರೆಗೆ ಬರುತ್ತವೆ. ದಡದ ಹತ್ತಿರ ನೀರು ಕಡಿಮೆ, ರಾತ್ರಿ ನಿಲ್ಲೋಣ ಅನಿಸುತ್ತದೆ. ಲಂಗರು ಬಿಡುವ ಮೊದಲು ಚಾರ್ಟ್ ಮೇಲೆ ಬೆರಳಿಟ್ಟು ಪೈಪಿನ ಗೆರೆ ಎಲ್ಲಿದೆ ಅಂತ ನೋಡಿಕೊಳ್ಳಿ.