ನಾಯಿ ವಿಷ ತಿಂದಾಗ ಉಪ್ಪುನೀರು, ಹಾಲು, ಎಣ್ಣೆ ಏಕೆ ಬೇಡ

ಮಂಡ್ಯ ಕಡೆ ಗದ್ದೆ ಬದುವಿಗೆ ಇಟ್ಟ ಇಲಿ ಪಾಷಾಣ, ಮೈಸೂರಿನ ಮನೆಗಳ ಮೂಲೆಯಲ್ಲಿಟ್ಟ ಇಲಿ ಕೇಕು, ಕಬ್ಬಿಗೆ ಹಾಕಿ ಮಿಕ್ಕ ಕೀಟನಾಶಕ: ನಾಯಿಯ ಬಾಯಿಗೆ ಹೆಚ್ಚಾಗಿ ಸಿಗುವುದು ಇವೇ. ಸಿಕ್ಕ ಕೂಡಲೇ ಅಕ್ಕಪಕ್ಕದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಯಾವುದನ್ನೂ ಬಾಯಿಗೆ ಹಾಕಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ಉಪ್ಪುನೀರು. ನಾಯಿಯ ತೂಕದ ಪ್ರತಿ ಕೆಜಿಗೆ ಸುಮಾರು 2 ಗ್ರಾಂ ಉಪ್ಪು ಒಳಗೆ ಉಳಿದರೆ ಅದೇ ವಿಷವಾಗುತ್ತದೆ. 4 ಗ್ರಾಂ ಆದರೆ ಪ್ರಾಣಕ್ಕೇ ಕುತ್ತು. 10 ಕೆಜಿಯ ನಾಯಿಗೆ 20 ಗ್ರಾಂ ಎಂದರೆ ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು, ಅಷ್ಟೆ. ವಾಂತಿ ಆಗಲಿಲ್ಲವೆಂದು ಇನ್ನೊಂದು ಲೋಟ ಕುಡಿಸುತ್ತಾರಲ್ಲ, ಅಪಾಯ ಅಲ್ಲಿದೆ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿನ ನೀರನ್ನು ಎಳೆದುಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ಫಿಟ್ಸ್ ಪಾಷಾಣದ್ದೋ ಉಪ್ಪಿನದ್ದೋ ಎಂದು ಆಮೇಲೆ ಡಾಕ್ಟರೂ ತಡಕಾಡಬೇಕು.

ಹಾಲು ವಿಷ ಮುರಿಯುತ್ತದೆ ಎಂಬುದು ಬರೀ ನಂಬಿಕೆ. ಕಪ್ಪುಬೂದು ಬಣ್ಣದ ಪುಡಿ ಪಾಷಾಣ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದಾಗ ಅದು ಫಾಸ್ಫೀನ್ ಎಂಬ ವಿಷ ಅನಿಲ ಬಿಡುತ್ತದೆ. ಹಾಲು, ಅನ್ನ ಹೊಟ್ಟೆಗೆ ಬಿದ್ದರೆ ಆಮ್ಲ ಇನ್ನಷ್ಟು ಊರುತ್ತದೆ, ಅನಿಲವೂ ಹೆಚ್ಚುತ್ತದೆ. ಎಣ್ಣೆ, ತುಪ್ಪವೂ ಬೇಡ: ಕೊಬ್ಬಿನಲ್ಲಿ ಕರಗುವ ಕೀಟನಾಶಕಗಳು ಅದರ ಜೊತೆ ಬೇಗ ರಕ್ತಕ್ಕೆ ಸೇರುತ್ತವೆ.

ದನಕ್ಕೆ ಗೊಟ್ಟ ಹಾಕುವ ಹಾಗೆ ನಾಯಿಯ ಮೂತಿ ಎತ್ತಿ ಏನನ್ನಾದರೂ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಸೀಮೆಎಣ್ಣೆ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಕುಡಿದಿದ್ದರೆ, ತೂಕಡಿಸುತ್ತಿದ್ದರೆ, ನಡುಗುತ್ತಿದ್ದರೆ ವಾಂತಿ ಮಾಡಿಸುವ ಯೋಚನೆಯೇ ಬೇಡ. ವಾಂತಿಗೆ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಎಂದು ಮೊಬೈಲಿನಲ್ಲಿ ಬರುವುದು ಶೇ. 3ರದ್ದು. ನಮ್ಮ ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆಂದು ಸಿಗುವುದು ಸಾಮಾನ್ಯವಾಗಿ ಶೇ. 6ರದ್ದು, ಜಠರದಲ್ಲಿ ಹುಣ್ಣು ಮಾಡುತ್ತದೆ. ಬೆಕ್ಕಿಗಂತೂ ಯಾವುದೇ ಶಕ್ತಿಯದ್ದೂ ಕೂಡದು. ಒಲೆಯ ಇದ್ದಿಲನ್ನೂ ತಿನ್ನಿಸಬೇಡಿ, ಅದು ವಿಷ ಹೀರಲು ಆಸ್ಪತ್ರೆಯಲ್ಲಿ ಕೊಡುವ ಆಕ್ಟಿವೇಟೆಡ್ ಚಾರ್ಕೋಲ್ ಅಲ್ಲ.

ಹಾಗಾದರೆ ಏನು ಮಾಡಬೇಕು? ಉಳಿದ ವಿಷವನ್ನು ನಾಯಿಯಿಂದ ದೂರವಿಡಿ. ಡಬ್ಬಿ, ಪೊಟ್ಟಣ ಎತ್ತಿಕೊಳ್ಳಿ. ಕೀಟನಾಶಕವಾದರೆ ಲೇಬಲ್ಲಿನ ತ್ರಿಕೋನದ ಬಣ್ಣ ನೋಡಿ, ಕೆಂಪು ಅತಿ ವಿಷ. ಎಷ್ಟು ಹೊತ್ತಾಯಿತು, ಎಷ್ಟು ತಿಂದಿತು, ನಾಯಿಯ ತೂಕವೆಷ್ಟು ಎಂದು ಹೊರಡುವಾಗಲೇ ಫೋನಿನಲ್ಲಿ ಡಾಕ್ಟರಿಗೆ ಹೇಳಿ. ವಾಂತಿ ಮಾಡಿಸಿ ಫಲ ಸಿಗುವುದು ಹೆಚ್ಚಾಗಿ ಮೊದಲ ಎರಡು ಗಂಟೆಯೊಳಗೆ. ಮದ್ದು ಅರೆಯುತ್ತಾ ಕೂತರೆ ಆ ಹೊತ್ತೇ ಕಳೆದುಹೋಗುತ್ತದೆ. ಹಳ್ಳಿಯಲ್ಲಿದ್ದು ದಾರಿ ತೋಚದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಮೈಮೇಲೆ ಕೀಟನಾಶಕ ಬಿದ್ದಿದ್ದು ನಾಯಿಗೆ ಎಚ್ಚರವಿದ್ದರೆ ಗ್ಲೌಸ್ ಹಾಕಿಕೊಂಡು ಸೋಪು ನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ನೆಕ್ಕಿಕೊಳ್ಳುತ್ತದೆ. ಪಾಷಾಣ ತಿಂದ ನಾಯಿ ಕಾರಿನಲ್ಲೇ ವಾಂತಿ ಮಾಡಬಹುದು. ವಾಂತಿಯಿಂದ ಏಳುವ ಫಾಸ್ಫೀನ್ ಅನಿಲ ಮನುಷ್ಯರಿಗೂ ಅಪಾಯ, ಕಿಟಕಿ ಇಳಿಸಿರಿ.

ಇಲಿ ಕೇಕಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಡಯೋಲೋನ್ ವಿಷವಿರುವ ಕೇಕು ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ, ಹಾಲು ಕುಡಿಸಿದವರು ಅದರಿಂದಲೇ ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆಮೇಲೆ ಒಸಡು ಬಿಳಿಚುತ್ತದೆ, ಮೂಗಿನಲ್ಲಿ ರಕ್ತ, ಏದುಸಿರು. ಇದಕ್ಕೆ ವಿಟಮಿನ್ ಕೆ1 ಮದ್ದಿದೆ, ಆದರೆ ವಾರಗಟ್ಟಲೆ ಕೊಡಬೇಕು. ನಿಲ್ಲಿಸಿದ 48ರಿಂದ 72 ಗಂಟೆಯ ನಡುವೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ.